ಕಾಯಿ ಹಣ್ಣಾದ ಆಟ

ಪಂಚಮಿ ಹಬ್ಬದ ಉಂಡಿ ಡಬ್ಬಿ ನಿಮ್ಮ ಮನೆಯಲ್ಲೂ ಈಗ ತಳ ಕಂಡಿರಬೇಕು. ನಮ್ಮಲ್ಲಿ ಶೇಂಗಾ ಉಂಡಿ ಮೊದಲು ಮುಗಿದವು. ಈ ಸಲ ಅಡುಗೆಯ ಮಾತನ್ನು ಅಷ್ಟಕ್ಕೇ ಬಿಟ್ಟು, ಹಬ್ಬದ ಮಧ್ಯಾಹ್ನ ನಾವು ಹಾಸಿಕೊಂಡು ಕುಳಿತ ಒಂದು ಆಟದ ಸಂಗತಿ ಹೇಳುತ್ತೇನೆ. "ಇದೇನು, ಮಕ್ಕಳ ವಿಷಯ" ಎಂದು ಪುಟ ತಿರುವಬೇಡಿ ಸಹೋದರಿಯರೇ, ಇದರಲ್ಲಿ ನಮ್ಮ ಮನೆಯ ಒಂದು ಸಂಕಟವೂ ಇದೆ.

ನನ್ನ ತವರು ಹುಕ್ಕೇರಿ. ಶ್ರಾವಣ ಬಂತೆಂದರೆ ಅಲ್ಲಿ ಜೋಕಾಲಿ ಎಷ್ಟು ಖರೆಯೋ ಚೌಕಾಬಾರವೂ ಅಷ್ಟೇ ಖರೆ. ನೆಲದ ಮೇಲೆ ಸುಣ್ಣದ ತುಂಡಿನಿಂದ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ಕೈಯಲ್ಲಿ ಕುಲುಕಿ ಬಿಟ್ಟರೆ ಸಂಜೆಯ ದೀಪ ಹಚ್ಚುವ ತನಕ ಯಾರೂ ಏಳುತ್ತಿರಲಿಲ್ಲ. ಬಳೆಚೂರೊಬ್ಬಳಿಗೆ, ಕಡಲೆಕಾಳೊಬ್ಬಳಿಗೆ, ಹೀಗೆ ನಾಲ್ಕು ನಾಲ್ಕು ಕಾಯಿ. ಸುತ್ತು ಹಾಕಿ ನಡುವಿನ ಮನೆ ಸೇರಿದ ಕಾಯಿಗೆ "ಹಣ್ಣಾಯ್ತು" ಅನ್ನುತ್ತೇವಲ್ಲ, ಆ ಮಾತು ನನಗೆ ಈಗಲೂ ಚೆಂದ ಕೇಳುತ್ತದೆ. ಮಾಗಬೇಕಾದರೆ ಕಾಯಿಗೆ ನಾಲ್ಕು ಸಲ ಏಟು ಬೀಳಲೇಬೇಕು, ಮತ್ತೆ ಮೊದಲಿನಿಂದ ನಡೆಯಲೇಬೇಕು.

ಮದುವೆಯಾಗಿ ಗೋಕಾಕಿಗೆ ಬಂದ ಮೇಲೂ ಕವಡೆ ನನ್ನ ಟ್ರಂಕಿನಲ್ಲೇ ಬಂದವು. ಆದರೆ ಎರಡು ವರ್ಷ ಅವು ಹೊರಗೆ ಬೀಳಲಿಲ್ಲ. ಮೂಡಲಗಿಯಲ್ಲಿರುವ ನನ್ನ ತಂಗಿಯ ಮಗ ಮೊಬೈಲಿನ ರಮ್ಮಿಯಲ್ಲಿ ದುಡ್ಡು ಸೋತ. ಮೊದಲು ತನ್ನ ಪಗಾರ, ಆಮೇಲೆ ಗೆಳೆಯರ ಸಾಲ, ಕೊನೆಗೆ ತಂಗಿಯ ಎರಡು ಬಳೆ. 2025ರ ಆಗಸ್ಟಿನಲ್ಲಿ ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಮಾಡಿತು. ನಮ್ಮ ಹುಡುಗ ಅದಕ್ಕಿಂತ ಮೊದಲೇ ಮುಳುಗಿದ್ದ. ಆ ದಿನದಿಂದ ಎರಡೂ ಮನೆಯಲ್ಲಿ "ಆಟ" ಎಂಬ ಮಾತೇ ಬೈಗುಳವಾಯಿತು. ಮಕ್ಕಳು ಚೌಕಾಬಾರ ಬರೆದರೂ ನಮ್ಮ ಅತ್ತೆಯವರು ಕಾಲಿನಿಂದ ಒರೆಸಿಬಿಡುತ್ತಿದ್ದರು.

"ಪಗಡಿ ಆಡಿದ ಧರ್ಮರಾಯಗ ರಾಜ್ಯ ಉಳೀಲಿಲ್ಲ, ನಿಮಗ ಮನಿ ಉಳದೀತೇನ?"

ಅವರ ಮಾತು ಸುಳ್ಳಲ್ಲ. ಆದರೆ ನಾನು ಯೋಚಿಸಿದೆ. ಧರ್ಮರಾಯನನ್ನು ಕೆಡಿಸಿದ್ದು ಪಗಡೆಯೋ, ಪಣವೋ? ಚೌಕಾಬಾರದಲ್ಲಿ ನಾನು ನೂರು ಸಲ ಸೋತಿದ್ದೇನೆ, ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ. ಸೋಲುವುದನ್ನು ಕಲಿಸುವುದು ಆಟ. ಸೋತದ್ದನ್ನು ಮರಳಿ ತರುತ್ತೇನೆಂದು ಮತ್ತೆ ಕೂಡಿಸುವುದು ಜೂಜು. ಈ ಭೇದ ಬಾಯಿಂದ ಹೇಳಿದರೆ ಹುಡುಗರಿಗೆ ಹತ್ತುವುದಿಲ್ಲ, ಕೈಯಿಂದ ಆಡಿಸಿಯೇ ತೋರಿಸಬೇಕು ಅನ್ನಿಸಿತು. ಅತ್ತೆಯವರೂ ಬೇಡ ಎನ್ನದಂಥ, ಒಬ್ಬರು ಗೆದ್ದು ಒಬ್ಬರು ಅಳದಂಥ ಒಂದು ಆಟವನ್ನು ನಾನೇ ಕಟ್ಟಲು ಕುಳಿತೆ.

ಹೊಸ ಆಟ ಕಟ್ಟುವುದು ಹುಚ್ಚು ಎಂದು ನಗಬೇಡಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಇದೇ ಹುಚ್ಚಿತ್ತು. ಗಂಜೀಫಾ ಎಂಬ ಚಿತ್ರದ ಎಲೆಗಳ ಆಟದಲ್ಲಿ ಅವರು ಹೊಸ ಹೊಸ ಕಟ್ಟುಗಳನ್ನು ಮಾಡಿಸಿದರು. ಚಾಮುಂಡೇಶ್ವರಿ ಛದ ಎಂಬ ಒಂದು ಕಟ್ಟಿನಲ್ಲೇ 320 ಎಲೆ! ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳ ವಿಷಯ ಬರುತ್ತದೆ. ಅರಸರಿಗೆ ಚಿತ್ರಗಾರರಿದ್ದರು, ನನಗೆ ಹಳೇ ಕ್ಯಾಲೆಂಡರಿನ ರಟ್ಟಿತ್ತು.

ಆಟದ ಕಥೆಗೆ ದೂರ ಹೋಗಬೇಕಾಗಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪೇಟೆಗೆ ನೀರು ಹೊಕ್ಕಿದ್ದು, ಲೋಳಸೂರ ಸೇತುವೆ ಮುಳುಗಿದ್ದು ನಮ್ಮ ಮಕ್ಕಳಿಗೂ ನೆನಪಿದೆ. ಆ ಹೊತ್ತಿನಲ್ಲಿ ಯಾರ ದನದ ಕಣ್ಣಿ ಯಾರು ಬಿಚ್ಚಿದರೋ, ಯಾರ ಮುದುಕಿಯನ್ನು ಯಾರು ಹೊತ್ತರೋ, ಲೆಕ್ಕ ಇಟ್ಟವರಿಲ್ಲ. ಆಟವೂ ಹಾಗೇ ಇರಲಿ ಎಂದೆ: ಎಲ್ಲರೂ ಕೂಡಿ ಗೆಲ್ಲಬೇಕು, ಇಲ್ಲವೇ ಕೂಡಿ ಸೋಲಬೇಕು.

ಬರೆಯುವ ಬಗೆ ಹೀಗೆ. ರಟ್ಟಿನ ಮೇಲೆ ಹೊಳೆದಂಡೆಯಿಂದ ಗುಡ್ಡದ ಗುಡಿಯವರೆಗೆ ಹನ್ನೆರಡು ಮನೆಯ ಒಂದು ದಾರಿ, ಹನ್ನೆರಡನೆಯದೇ ಗುಡಿ. ಪಕ್ಕದಲ್ಲಿ ನೀರು ಅಳೆಯುವ ಹನ್ನೆರಡು ಗೆರೆ. ಕೆಳಗಿನ ಗೆರೆಗೆ ಹಿಡಕಲ್ ಡ್ಯಾಮ್, ನಾಲ್ಕನೆಯದಕ್ಕೆ ಧೂಪದಾಳ, ಏಳಕ್ಕೆ ಗೋಕಾಕ ಫಾಲ್ಸ್, ಹತ್ತಕ್ಕೆ ಲೋಳಸೂರ ಸೇತುವೆ, ಹನ್ನೆರಡಕ್ಕೆ ಪೇಟೆ ಎಂದು ಮಕ್ಕಳೇ ಹೆಸರು ಬರೆದರು. ನಾಲ್ವರು ಆಡುವುದು; ಒಬ್ಬೊಬ್ಬರಿಗೆ ಎರಡು ಕಾಯಿ, ಒಂದು ಮನೆಮಂದಿ, ಇನ್ನೊಂದು ದನ. ಎಲ್ಲವೂ ದಾರಿಯ ಹೊರಗೆ ಹೊಳೆದಂಡೆಯಲ್ಲಿ ನಿಂತಿರುತ್ತವೆ. ಹುಣಸೇ ಬೀಜ ಎರಡನ್ನು ಒಡೆದರೆ ನಾಲ್ಕು ಹೋಳು. ಬಿಳಿ ಮುಖ ಎಷ್ಟು ಮೇಲೆ ಬಿದ್ದವೋ ಅಷ್ಟು ಮನೆ ನಡೆ, ನಾಲ್ಕೂ ಕಪ್ಪು ಬಿದ್ದರೆ ಎಂಟು. ನಿಮ್ಮ ಗರದಲ್ಲಿ ನಿಮ್ಮ ಕಾಯಿಯನ್ನೇ ನಡೆಸಬೇಕೆಂದಿಲ್ಲ, ಹಿಂದೆ ಉಳಿದ ಯಾರ ಕಾಯಿಯನ್ನಾದರೂ ನಡೆಸಬಹುದು. ಗುಡಿಗೆ ಬೇಕಾದದ್ದಕ್ಕಿಂತ ಹೆಚ್ಚು ಬಿದ್ದರೂ ಒಳಗೆ ಹೋಗಬಹುದು. ನೀಲಿ ಗುಂಡಿ ಹನ್ನೆರಡನೆಯ ಗೆರೆ ಮುಟ್ಟುವುದರೊಳಗೆ ಎಂಟೂ ಕಾಯಿ ಗುಡಿ ಸೇರಬೇಕು.

ಇನ್ನು ನೀರು ಏರುವುದು ಯಾವಾಗ? ಇಲ್ಲೇ ನಾನು ಎರಡು ಸಲ ಎಡವಿದೆ. ಮೊದಲು "ಎರಡು ಬಿದ್ದಾಗ ಒಂದು ಗೆರೆ ಏರಲಿ" ಎಂದೆ. ಮಕ್ಕಳು ಅರ್ಧ ದಾರಿಯಲ್ಲಿರುವಾಗಲೇ ಪೇಟೆ ಮುಳುಗಿತು, ಏಳು ಆಟ ಸತತ ಸೋತೆವು. ಸರಿ, "ಎಂಟು ಬಿದ್ದಾಗ" ಎಂದು ಬದಲಿಸಿದೆ. ಆಗ ನೀರು ಹಿಡಕಲ್ ದಾಟಿ ಬರಲೇ ಇಲ್ಲ! ಭಯವಿಲ್ಲದ ಆಟ ಉಪ್ಪಿಲ್ಲದ ಸಾರಿನಂತೆ, ಮಕ್ಕಳು ಎದ್ದು ಹೋದರು.

ಪಂಚಮಿಗೆ ತಂಗಿ ಮಗನನ್ನು ಕರೆದುಕೊಂಡು ಬಂದಳು. ರಟ್ಟು ಕಂಡು ಅವಳ ಮುಖ ಸಣ್ಣದಾಯಿತು. "ಅಕ್ಕಾ, ಇವನ ಮುಂದ ಅದನ್ನ ತೆಗೀಬ್ಯಾಡ" ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ನಾನು ತೆಗೆಯಬೇಕೆಂದೇ ಇದ್ದೆ. ಆದರೆ ಅವಳು ತಾಯಿ, ಅವಳ ಬಳೆ ಹೋಗಿವೆ, ಒತ್ತಾಯ ಮಾಡಲಿಲ್ಲ. ಹುಡುಗನೇ ರಟ್ಟನ್ನು ತಿರುವಿ ನೋಡುತ್ತಾ ಕೇಳಿದ, "ದೊಡ್ಡವ್ವಾ, ಒಂದು ಬಿದ್ದಾಗ ನೀರು ಯಾಕ ಏರಸಬಾರದು?"

ಹಾಲಿನ ಲೆಕ್ಕದ ವಹಿಯ ಹಿಂದೆ ಅವನು ಬರೆದು ತೋರಿಸಿದ. ನಾಲ್ಕು ಹೋಳು ಬೀಳುವ ಬಗೆ ಒಟ್ಟು ಹದಿನಾರು. ಅದರಲ್ಲಿ ಎರಡು ಬೀಳುವುದು ಆರು ಬಗೆ, ಒಂದು ನಾಲ್ಕು ಬಗೆ, ಮೂರೂ ನಾಲ್ಕು ಬಗೆ. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ಬಗೆ. ಎಂಟೂ ಕಾಯಿ ಗುಡಿ ಸೇರಲು ಸುಮಾರು ನಲವತ್ತೆರಡು ಗರ ಬೇಕು, ಅಷ್ಟರಲ್ಲಿ ಒಂದು ಬೀಳುವುದು ಹತ್ತೋ ಹನ್ನೊಂದೋ ಸಲ. ಹನ್ನೆರಡು ಗೆರೆಗೆ ಬರೋಬ್ಬರಿ! ಬರೆಯುತ್ತ ಬರೆಯುತ್ತ ಅವನು ಒಮ್ಮೆಲೇ ಸುಮ್ಮನಾದ. "ಇದನ್ನ ಆ ರಮ್ಮಿಗೆ ಕೂಡೋದಕ್ಕಿಂತ ಮೊದಲ ಲೆಕ್ಕ ಹಾಕಿದ್ದರ..." ಎಂದ. ಯಾರೂ ಮಾತಾಡಲಿಲ್ಲ. ತಂಗಿ ಚಹಾದ ಲೋಟ ಅವನ ಮುಂದೆ ಇಟ್ಟು, ತಾನೂ ರಟ್ಟಿನ ಪಕ್ಕ ಕುಳಿತಳು.

ಆ ಮಧ್ಯಾಹ್ನ ಮೂರು ಆಟ ಆಡಿದೆವು. ಎರಡು ಗೆದ್ದೆವು, ಒಂದು ಸೋತೆವು. ಸೋತ ಆಟದಲ್ಲಿ ನೀರು ಲೋಳಸೂರ ಸೇತುವೆ ದಾಟಿತ್ತು, ಗುಡಿಗೆ ಒಂದೇ ದನ ಉಳಿದಿತ್ತು. ಬಾಗಿಲಲ್ಲಿ ಜಪಮಾಲೆ ಹಿಡಿದು ಕುಳಿತ ಅತ್ತೆಯವರು ತಡೆಯಲಾರದೆ, "ಏ, ಆ ಆಕಳ ನಡಸ್ರೋ ಮೊದಲ!" ಎಂದು ಕೂಗಿದರು. ಆಮೇಲೆ ಅವರಿಗೇ ನಗು ಬಂತು. ರಟ್ಟು ಮಾತ್ರ ಅವರು ಒರೆಸಲಿಲ್ಲ.

ಹುಡುಗನ ಸಾಲ ಇನ್ನೂ ತೀರಿಲ್ಲ, ತಿಂಗಳು ತಿಂಗಳು ಕಟ್ಟುತ್ತಿದ್ದಾನೆ. ಒಂದು ರಟ್ಟಿನ ಆಟದಿಂದ ಬಳೆ ಮರಳಿ ಬರುವುದಿಲ್ಲ, ಅದು ನನಗೂ ಗೊತ್ತು. ಹಣದ ಆಟದ ಚಟ ಹತ್ತಿದವರನ್ನು ಬೈದು ಕೂಡಿಹಾಕುವುದಕ್ಕಿಂತ ಒಳ್ಳೆಯ ವೈದ್ಯರಿಗೆ ತೋರಿಸುವುದೇ ಮೇಲು, ಅದನ್ನೂ ನಾವು ಮಾಡಿದೆವು. ಆದರೆ ಊರಿಗೆ ಹೊರಡುವಾಗ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ದೊಡ್ಡವ್ವಾ, ಇದರಾಗ ಸೋತರೂ ನಿದ್ದಿ ಬರತೈತಿ."

ನಾಲ್ಕು ಹುಣಸೇ ಹೋಳನ್ನು ಕಾಗದದಲ್ಲಿ ಕಟ್ಟಿ ಅವನ ಕೈಗೆ ಕೊಟ್ಟೆ. ನಿಮ್ಮ ಮನೆಯಲ್ಲೂ ಹಳೇ ರಟ್ಟು ಇದ್ದೀತು, ಒಂದು ಮಧ್ಯಾಹ್ನ ಬರೆದು ನೋಡಿ. ಹೊಳೆ ನಿಮ್ಮೂರಿನದಿರಲಿ, ಮನೆಗಳ ಹೆಸರು ನಿಮ್ಮ ಓಣಿಯವಿರಲಿ. ಪಣ ಮಾತ್ರ ಒಂದು ಶೇಂಗಾ ಉಂಡಿಯೂ ಬೇಡ.