ನಾಳೆ ಬಾ



ನಮ್ಮ ಹಳೇ ಮನೆಯ ತಲೆಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದೆ. ಬಣ್ಣ ಮಾಸಿದೆ, ಆದರೂ ಓದಲು ಬರುತ್ತದೆ. ನಿಮ್ಮಲ್ಲೂ ಕೆಲವರ ಮನೆ ಬಾಗಿಲ ಮೇಲೆ ಇದ್ದೀತು, ನೋಡಿ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ನಮ್ಮ ಕಡೆಯ ಹಳ್ಳಿಗಳಲ್ಲೂ ಒಂದು ಸುದ್ದಿ ಹಬ್ಬಿತ್ತಂತೆ. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆಗೆದವರು ಉಳಿಯುವುದಿಲ್ಲ ಅಂತ. ಅದಕ್ಕೆ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೂ ಅದೇ ಬರಹ. 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಸಿನಿಮಾದಲ್ಲೂ ಗೋಡೆಗಳ ಮೇಲೆ ಹೀಗೇ ಬರೆಯುತ್ತಾರೆ.

ದೆವ್ವ ಬಂದದ್ದು ಸುಳ್ಳು. ಆದರೆ ಆ ಬರಹದ ಶಕ್ತಿ ಮಾತ್ರ ಸುಳ್ಳಲ್ಲ ಅಂತ ನನಗೆ ಈ ವರ್ಷ ಗೊತ್ತಾಯಿತು. ನಾವು ಅದನ್ನು ನಮ್ಮ ಹಣೆ ಮೇಲೆ ಬರೆದುಕೊಂಡಿದ್ದೇವೆ. ಒಳ್ಳೆಯ ಆಸೆ ಒಂದು ಬಂದು ಬಾಗಿಲು ತಟ್ಟುತ್ತದೆ, ಓದುತ್ತದೆ, ತಲೆ ತಗ್ಗಿಸಿಕೊಂಡು ಹೋಗುತ್ತದೆ. (ಈ ಲೇಖನವನ್ನೂ ಹೋದ ಸಂಚಿಕೆಗೇ ಕೊಡಬೇಕಿತ್ತು. ಮೇಷ್ಟ್ರು ಕ್ಷಮಿಸಬೇಕು.)

ನನ್ನ ವಿಷಯವನ್ನೇ ಹೇಳುತ್ತೇನೆ. ಪಿಯುಸಿಯಲ್ಲಿ ವಿಜ್ಞಾನ ತಗೊಂಡು ಮುಂದೆ ನರ್ಸಿಂಗ್ ಓದಬೇಕು ಅನ್ನುವುದು ಎಂಟನೇ ತರಗತಿಯಿಂದ ನನ್ನ ಆಸೆ. ಗಣಿತದಲ್ಲಿ ಒಳ್ಳೆ ಅಂಕ ಬಂದರೆ ಮಾತ್ರ ಕಳಿಸುತ್ತೇನೆ, ಇಲ್ಲದಿದ್ದರೆ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಸೇರು ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಆರ್ಟ್ಸ್ ಕೆಟ್ಟದ್ದಲ್ಲ. ಆದರೆ ನನಗೆ ಬೇಕಾದದ್ದು ಅದಲ್ಲ. ಇಷ್ಟು ಗೊತ್ತಿದ್ದೂ ನಾನು ಮಾಡಿದ್ದೇನು? ದಸರಾ ರಜೆಯಿಂದ ಈಚೆಗೆ ನಾಲ್ಕು ವೇಳಾಪಟ್ಟಿ ಬರೆದೆ. ಮೊದಲನೆಯದು ನೋಟ್ ಬುಕ್ಕಿನ ಹಾಳೆಯಲ್ಲಿ, ಎರಡನೆಯದು ಡ್ರಾಯಿಂಗ್ ಶೀಟಿನಲ್ಲಿ, ಮೂರನೆಯದಕ್ಕೆ ಮೂರು ಬಣ್ಣದ ಸ್ಕೆಚ್ ಪೆನ್ನು, ನಾಲ್ಕನೆಯದಕ್ಕೆ ಸುತ್ತಲೂ ಹೂಬಳ್ಳಿ. ನಾಲ್ಕರಲ್ಲೂ ಬೆಳಿಗ್ಗೆ 5ರಿಂದ 6 ಗಣಿತ. ಆ ಹೊತ್ತಿಗೆ ನಾನು ಏಳುತ್ತಿದ್ದೆ, ಅದು ನಿಜ. ಎದ್ದು ಅಂಗಳ ಗುಡಿಸುತ್ತಿದ್ದೆ, ಪಾತ್ರೆ ತಿಕ್ಕುತ್ತಿದ್ದೆ, ಯಾರೂ ಹೇಳದೆ ನೀರು ತರುತ್ತಿದ್ದೆ. ಪ್ರಮೇಯ ಓದಬೇಕಾದ ದಿನ ನಮ್ಮ ಮನೆಯ ಪಾತ್ರೆಗಳು ಬೆಳ್ಳಿ ಹಾಗೆ ಹೊಳೆಯುತ್ತಿದ್ದವು. ಅಮ್ಮನಿಗೆ ಆಶ್ಚರ್ಯ, ‘ಏನವ್ವಾ ಇದು, ಇಷ್ಟು ಬದಲಾಗ್ಬಿಟ್ಟೆ’ ಅಂತ. ಪರೀಕ್ಷೆಯಲ್ಲಿ ಪ್ರಮೇಯದ ಎರಡು ಪ್ರಶ್ನೆ ಖಾಲಿ ಬಿಟ್ಟು ಬಂದೆ.

ನಾವು ಕೆಲಸ ಮುಂದೆ ಹಾಕಿದರೆ ಎಲ್ಲರೂ ‘ಸೋಮಾರಿ’ ಅನ್ನುತ್ತಾರೆ. ಪ್ರಾರ್ಥನೆ ವೇಳೆಯ ಭಾಷಣಗಳಲ್ಲೂ ಆಲಸ್ಯವೇ ಶತ್ರು ಅಂತ ಹೇಳುತ್ತಾರೆ. ನನಗೆ ಇದು ಪೂರ್ತಿ ಸರಿ ಅನಿಸುವುದಿಲ್ಲ. ಸೋಮಾರಿ ಆಗಿದ್ದರೆ ನಾನು ಅಷ್ಟು ಪಾತ್ರೆ ಯಾಕೆ ತಿಕ್ಕುತ್ತಿದ್ದೆ? ಇನ್ನು ಕೆಲವರು ಎಲ್ಲದಕ್ಕೂ ಮೊಬೈಲನ್ನೇ ಬೈಯುತ್ತಾರೆ. ಮೊಬೈಲು ಟೈಮ್ ತಿನ್ನುತ್ತೆ, ಒಪ್ಪೋಣ. ಆದರೆ ಮೊಬೈಲಿನ ಹೆಸರೇ ಕೇಳದ ಕಾಲದಲ್ಲಿ ನಮ್ಮಜ್ಜಿ ಒಂದು ಕೆಲಸವನ್ನು ಮುಂದೆ ಹಾಕಿ, 30 ವರ್ಷದ ಮೇಲಾದರೂ ಮುಗಿಸಿರಲಿಲ್ಲ.

ಆ ಕೆಲಸ ಸಹಿ ಹಾಕುವುದನ್ನು ಕಲಿಯುವುದು. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾಯಿತು. ಆಮೇಲೆ ನಮ್ಮೂರಲ್ಲೂ ರಾತ್ರಿ ಶಾಲೆ ನಡೆಯಿತಂತೆ. ಕರೆಯಲು ಬಂದವರಿಗೆ ಅಜ್ಜಿ ದಿನಾ ಹೇಳುತ್ತಿದ್ದದ್ದು ‘ನಾಳೆ ಬರ್ತೀನಿ ಹೋಗ್ರಪ್ಪ’ ಅಂತ. ಕರೆಯುವವರು ನಿಂತರು, ಶಾಲೆಯೂ ನಿಂತಿತು. ಈಗಲೂ ಪಿಂಚಣಿ ತರಲು ಬ್ಯಾಂಕಿಗೆ ಹೋದರೆ ಹೆಬ್ಬೆಟ್ಟೇ ಒತ್ತಬೇಕು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ನೀಲಿ ಬೆರಳನ್ನು ಸೆರಗಿಗೆ ಉಜ್ಜುತ್ತಾ ಬರುತ್ತಾಳೆ.

‘ಅವಾಗ ಯಾಕಜ್ಜಿ ಹೋಗ್ಲಿಲ್ಲ? ಸೋಮಾರಿತನಾನಾ?’ ಅಂತ ಕೇಳಿಯೇ ಬಿಟ್ಟೆ. ಅಜ್ಜಿಗೆ ಸಿಟ್ಟು ಬಂತು. ‘ಬೆಳಗಿಂದ ಬೈಗಿನ ತಂಕ ಹೊಲದಲ್ಲಿ ಗೇದೋಳು ಕಣವ್ವ ನಾನು. ನನ್ನ ಸೋಮಾರಿ ಅಂತೀಯಾ? ಬಳಪ ಹಿಡಿದ್ರೆ ಕೈ ನಡುಗೋದು. ಪಕ್ಕದಲ್ಲಿ ಕುಂತೋರು ನಗ್ತಾರೆ ಅಂತ ಜೀವ ಹಿಡಿಯಾಗೋದು’ ಅಂದಳು.

ನನಗೆ ಎದೆಗೆ ಗುದ್ದಿದ ಹಾಗಾಯಿತು. ಪ್ರಮೇಯದ ಪುಟ ತೆರೆದಾಗ ನನಗೂ ಆಗುವುದು ಅದೇ. ಅರ್ಥ ಆಗದಿದ್ದರೆ ನಾನು ದಡ್ಡಿ ಅಂತ ನನಗೇ ಗೊತ್ತಾಗಿಬಿಡುತ್ತದಲ್ಲ! ಪುಸ್ತಕ ತೆರೆಯದೆ ಇದ್ದರೆ ‘ಓದಿಲ್ಲ ಅಷ್ಟೇ, ಓದಿದ್ರೆ ಬರ್ತಿತ್ತು’ ಅಂದುಕೊಂಡು ಸುಖವಾಗಿ ಇರಬಹುದು. ಭಯವೇ ಸೋಮಾರಿತನದ ವೇಷ ಹಾಕಿಕೊಂಡು ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇದು ಹೊಸ ಮಾತೂ ಅಲ್ಲ. ಮಹಾಭಾರತದ ವಿರಾಟಪರ್ವದಲ್ಲಿ ಉತ್ತರಕುಮಾರ ಬರುತ್ತಾನಲ್ಲ, ‘ಉತ್ತರನ ಪೌರುಷ ಒಲೆ ಮುಂದೆ’ ಅಂತ ಗಾದೆಯೇ ಇದೆ. ಕೌರವರು ಗೋವುಗಳನ್ನು ಹಿಡಿದಾಗ ಅವನು ಅಂತಃಪುರದ ಹೆಂಗಸರ ಮುಂದೆ ಏನಂದ? ನಾನು ಒಬ್ಬನೇ ಅವರನ್ನೆಲ್ಲ ಸೋಲಿಸಿಬಿಡುತ್ತಿದ್ದೆ, ಏನು ಮಾಡಲಿ, ಸಾರಥಿ ಇಲ್ಲ ಅಂದ. ನನ್ನ ಸ್ಕೆಚ್ ಪೆನ್ನಿನ ಹಾಗೆಯೇ ಅವನಿಗೆ ಆ ಸಾರಥಿ! ಬೃಹನ್ನಳೆ ಸಾರಥಿಯಾಗಿ ಸಿಕ್ಕಿದ ಮೇಲೆ ನೆಪ ಮುಗಿಯಿತು, ಭಯ ಹೊರಗೆ ಬಂತು. ಸೇನೆ ಕಂಡದ್ದೇ ತಡ, ರಥದಿಂದ ಹಾರಿ ಓಡಿದ.

ಎಲ್ಲರೂ ಇಲ್ಲಿಗೆ ನಕ್ಕು ಸುಮ್ಮನಾಗುತ್ತಾರೆ. ಆಮೇಲಿನದೇ ನನಗೆ ಮುಖ್ಯವಾಗಿ ಕಂಡಿದ್ದು. ಬೃಹನ್ನಳೆ ವೇಷದ ಅರ್ಜುನ ಅವನನ್ನು ಹಿಡಿದು ತಂದು, ‘ಹೋಗು, ಭೀಷ್ಮ ದ್ರೋಣರ ಮೇಲೆ ಯುದ್ಧ ಮಾಡು’ ಅನ್ನಲಿಲ್ಲ. ಮೊದಲು ಬನ್ನಿ ಮರ ಹತ್ತಿ ಆಯುಧಗಳ ಗಂಟು ಇಳಿಸು ಅಂದ. ಆಮೇಲೆ, ನೀನು ಕುದುರೆಗಳ ಹಗ್ಗ ಹಿಡಿ ಸಾಕು, ಯುದ್ಧ ನಾನು ಮಾಡುತ್ತೇನೆ ಅಂದ. ಓಡಿಹೋಗಿದ್ದ ಹುಡುಗ ಅದೇ ಸೇನೆಯ ಮುಂದೆ ರಥ ನಡೆಸಿದ. ಮರ ಹತ್ತುವುದು ಎಲ್ಲ ಹುಡುಗರಿಗೂ ಬರುತ್ತದೆ. ಆ ಮೊದಲ ಕೆಲಸವನ್ನು ಅಷ್ಟು ಸಣ್ಣದು ಮಾಡಿ ಕೊಟ್ಟದ್ದರಲ್ಲೇ ಅರ್ಜುನನ ಜಾಣತನ ಇರುವುದು.

ಕಥೆ ಬೇಡ, ನಿಜವಾದದ್ದು ಹೇಳು ಅನ್ನುವವರಿಗೆ ಸಾಲುಮರದ ತಿಮ್ಮಕ್ಕನವರು ಇದ್ದಾರೆ. ಹುಲಿಕಲ್‌ನಿಂದ ಕುದೂರಿನ ಕಡೆಗೆ ಸುಮಾರು 4 ಕಿಲೋಮೀಟರ್ ದಾರಿಯಲ್ಲಿ 385 ಆಲದ ಮರ ಬೆಳೆಸಿದವರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ 114ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಮ್ಮ ಶಾಲೆಯಲ್ಲೂ ಮೌನ ಆಚರಿಸಿದೆವು. 385 ಅನ್ನುವ ಸಂಖ್ಯೆ ನಮಗೆಲ್ಲ ಬಾಯಿಪಾಠ. ಆದರೆ ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ ಮೊದಲನೇ ವರ್ಷ ನೆಟ್ಟದ್ದು 10 ಸಸಿ. ಎರಡನೇ ವರ್ಷ 15, ಮೂರನೇ ವರ್ಷ 20. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳಿನ ಬೇಲಿ ಕಟ್ಟಿದರು. 385 ಗಿಡ ನೆಡುತ್ತೇನೆ ಅಂತ ಮೊದಲ ದಿನವೇ ಕೂತು ಲೆಕ್ಕ ಹಾಕಿದ್ದರೆ ಗುದ್ದಲಿ ಹಿಡಿಯುವ ಮೊದಲೇ ಸುಸ್ತಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

‘ಮನಸ್ಸಿದ್ದರೆ ಮಾರ್ಗ’ ಅಂತ ನಮ್ಮ ತರಗತಿಯ ಗೋಡೆ ಮೇಲೆಯೇ ಬರೆದಿದೆ. ದೊಡ್ಡವರ ಮಾತು, ಬೇಡ ಅನ್ನುವುದಿಲ್ಲ. ಆದರೆ ಮನಸ್ಸು ನನಗೆ ಬೇಕಾದಷ್ಟಿತ್ತು, ನಾಲ್ಕು ವೇಳಾಪಟ್ಟಿ ತುಂಬ ಮನಸ್ಸೇ ಇತ್ತು. ಮನಸ್ಸು ಬರಲಿ ಆಮೇಲೆ ಕೂರೋಣ ಅಂತ ಕಾಯುವುದೇ ತಪ್ಪು. ಮೊದಲು ಕೂರಬೇಕು. ಮನಸ್ಸು ಸ್ವಲ್ಪ ಹೊತ್ತು ಜಗಳ ಆಡಿ ಆಮೇಲೆ ಬಂದು ಪಕ್ಕದಲ್ಲಿ ಕೂರುತ್ತದೆ. ಕೆಲವು ದಿನ ಬರುವುದೂ ಇಲ್ಲ.

ಅಜ್ಜಿಗೂ ನನಗೂ ಒಂದು ಒಪ್ಪಂದ ಆಯಿತು. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಜಗಲಿ ಮೇಲೆ ಕೂರುವುದು. ಅವಳು ಒಂದೇ ಅಕ್ಷರ ತಿದ್ದುವುದು, ನಾನು ಪ್ರಮೇಯದ ಒಂದೇ ಭಾಗ ಬರೆಯುವುದು. ಒಬ್ಬರು ಇನ್ನೊಬ್ಬರನ್ನು ನೋಡಿ ನಗಬಾರದು. ಮೊದಲ ದಿನ ನಾನು ಥೇಲ್ಸ್ ಪ್ರಮೇಯದ ತ್ರಿಭುಜ ಎಳೆದು, ಸಮಾಂತರ ರೇಖೆ ಹಾಕಿ, ‘ದತ್ತ’ ಬರೆದು ಎದ್ದುಬಿಟ್ಟೆ. ಎರಡನೇ ದಿನ ‘ಸಾಧನೀಯ’. ಮೂರನೇ ದಿನ ‘ರಚನೆ’. ‘ಸಾಧನೆ’ಗೆ ಬಂದಾಗ ಅಲ್ಲಿರುವುದು ತ್ರಿಭುಜಗಳ ವಿಸ್ತೀರ್ಣ, ಪಾದ ಗುಣಿಸು ಎತ್ತರದ ಅರ್ಧ, ಅಷ್ಟೇ! ಅದು ನನಗೆ ಮೊದಲೇ ಗೊತ್ತಿತ್ತು. ಇದಕ್ಕಾ ನಾನು ಮೂರು ತಿಂಗಳು ಪಾತ್ರೆ ತಿಕ್ಕಿದ್ದು ಅಂತ ನಗು ಬಂತು.

ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮಧ್ಯೆ ಊರ ಹಬ್ಬ ಬಂದು ನಾಲ್ಕು ದಿನ ತಪ್ಪಿತು. ತಪ್ಪಿದ ಮೇಲೆ ಮತ್ತೆ ಕೂರುವುದು ಮೊದಲಿಗಿಂತ ಕಷ್ಟ. ಐದನೇ ದಿನ ನಾನು ನೆಪ ಹುಡುಕುತ್ತಿದ್ದಾಗ ಅಜ್ಜಿಯೇ ಸ್ಲೇಟು ತಂದು ಕೂತಳು, ನನಗೆ ಬೇರೆ ದಾರಿ ಇರಲಿಲ್ಲ. ವೃತ್ತದ ಸ್ಪರ್ಶಕದ ಪ್ರಮೇಯ ಇನ್ನೂ ಬಾಕಿ ಇದೆ. ಪರೀಕ್ಷೆಗೆ ಎಷ್ಟು ಆಗುತ್ತದೋ ನೋಡಬೇಕು.

ಅಜ್ಜಿಯ ಹೆಸರು ಮೂರಕ್ಷರದ್ದು. ಮೊದಲನೆಯದು ‘ನಾ’. ಅದೊಂದಕ್ಕೇ ಎಂಟು ದಿನ ಹಿಡಿಯಿತು. ‘ನ’ಕ್ಕೆ ಕೊಂಬು ಕೊಟ್ಟು ‘ನು’ ಮಾಡುತ್ತಿದ್ದಳು, ನಾನು ಒಪ್ಪಂದ ಮುರಿದು ಒಂದು ಸಲ ನಕ್ಕೂಬಿಟ್ಟೆ. ಹೋದ ಗುರುವಾರ ಸಂಜೆ ಅವಳು ತಿದ್ದುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾ ಕೂತಳು. ಆಮೇಲೆ ಬೆರಳು ತೋರಿಸಿ, ‘ಅಲ್ನೋಡು, ಅಲ್ಲೂ ನನ್ನ ನಾ ಐತೆ!’ ಅಂದಳು. ಅಲ್ಲಿ ಏನು ಬರೆದಿದೆ ಅಂತ ಅವಳಿಗೆ ಅಷ್ಟು ವರ್ಷದಿಂದ ಗೊತ್ತು. ಯಾವ ಅಕ್ಷರ ಯಾವುದು ಅಂತ ಗೊತ್ತಾದದ್ದು ಅವತ್ತೇ.

‘ಅದನ್ನ ಅಳಿಸಿಬಿಡ್ಲಾ ಅಜ್ಜಿ?’ ಅಂತ ಕೇಳಿದೆ.

‘ತಾಳು ಮಗಾ, ಮೊದ್ಲು ಆ ಎರಡನೇದು ಹೆಂಗೆ ಬರೆಯೋದು ತೋರ್ಸು’ ಅಂದಳು.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ