ತಗಡಿನ ಮೇಲಿನ ಕಲ್ಲು ಇಳಿಸೋಣ

ಚಂಡಮಾರುತ ಎಂದರೆ ನಮಗೆ ಟಿವಿಯಲ್ಲಿ ಬರುವ ಸುದ್ದಿ. ಸಮುದ್ರ ನಮ್ಮೂರಿಂದ ನೂರಾರು ಕಿಲೋಮೀಟರ್ ದೂರ. ಕರಾವಳಿಯ ಜನ ದೋಣಿ ಎಳೆದು ಕಟ್ಟುವುದನ್ನು ನಾವು ಊಟ ಮಾಡುತ್ತಾ ನೋಡುತ್ತೇವೆ. ಆದರೆ ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕರ ನಂತರ ಏಳುವ ಗಾಳಿಗೆ ದೊಡ್ಡ ಹೆಸರಿಲ್ಲ ಎಂದ ಮಾತ್ರಕ್ಕೆ ಅದು ಸಣ್ಣದಲ್ಲ. ಅಶ್ವಿನಿ, ಭರಣಿ ಮಳೆಗಳು ಮೊದಲು ಗಾಳಿಯನ್ನು ಕಳಿಸಿ ಆಮೇಲೆ ತಾವು ಬರುತ್ತವೆ. ಹಗಲೆಲ್ಲ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ ಮೋಡವಾಗುತ್ತದೆ. ಮಳೆ ಬೀಳತೊಡಗಿದಾಗ ಅದೇ ಮೋಡದಿಂದ ತಣ್ಣನೆಯ ಗಾಳಿ ಕೆಳಗೆ ಧುಮುಕಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹತ್ತು ನಿಮಿಷದ ಆಟ ಅದು. ಅಷ್ಟರಲ್ಲಿ ಯಾರದೋ ಮನೆಯ ತಗಡು ಇನ್ಯಾರದೋ ಹೊಲದಲ್ಲಿ ಬಿದ್ದಿರುತ್ತದೆ.

ಈ ತಗಡಿನ ವಿಷಯವೇ ನನ್ನ ಮುಖ್ಯ ತಕರಾರು. ಹನುಮಸಾಗರದ ಯಾವ ಓಣಿಯಲ್ಲಾದರೂ ತಲೆ ಎತ್ತಿ ನೋಡಿ. ಶೀಟುಗಳ ಮೇಲೆ ಕಲ್ಲು ಇಟ್ಟಿರುತ್ತಾರೆ. ಕೆಲವು ಕಡೆ ಹಳೆಯ ಟೈರು, ಮರಳಿನ ಚೀಲ, ಮುರಿದ ಬೀಸುಕಲ್ಲು ಕೂಡ. ಗಾಳಿಗೆ ತಗಡು ಹಾರಬಾರದು ಎಂದು ಇದು. ನಮ್ಮ ಪಕ್ಕದ ಮನೆಯ ಕಾಕಾನನ್ನು ಕೇಳಿದರೆ, “ಏ ತಂಗಿ, ಹತ್ತು ವರ್ಷದಿಂದ ಅಲ್ಲೇ ಅದಾವ ಆ ಕಲ್ಲು, ಏನೂ ಆಗಿಲ್ಲ ಬಿಡು” ಅನ್ನುತ್ತಾರೆ.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಬರ್ನೌಲಿ ತತ್ವ ಓದಿದ್ದೇವಲ್ಲ, ಅದನ್ನು ಇಲ್ಲಿ ಹಚ್ಚಿ ನೋಡೋಣ. ಗಂಟೆಗೆ 72 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 20 ಮೀಟರ್. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕೆ.ಜಿ. ಛಾವಣಿಯ ಮೇಲೆ ಈ ವೇಗದಲ್ಲಿ ಗಾಳಿ ಹರಿದು, ಕೆಳಗೆ ಮನೆಯೊಳಗೆ ಗಾಳಿ ನಿಂತಿದ್ದರೆ, ಒತ್ತಡದ ವ್ಯತ್ಯಾಸ ಸುಮಾರು 240 ಪಾಸ್ಕಲ್. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಶೀಟಿನ ಮೇಲೆ ಇದು ಸುಮಾರು 68 ಕೆ.ಜಿ. ಭಾರವನ್ನು ಎತ್ತುವಷ್ಟು ಬಲ. ಅರ್ಧ ಮಿ.ಮೀ. ದಪ್ಪದ ಆ ಶೀಟಿನ ತೂಕ ಹನ್ನೆರಡು ಕೆ.ಜಿ. ಆಸುಪಾಸು. ಮೇಲೆ ಹತ್ತು ಕೆ.ಜಿ.ಯ ಎರಡು ಕಲ್ಲು ಇಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಗಾಳಿ ಬರುವ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ದೂಡುತ್ತದೆ. ತಗಡು ಹಾರುತ್ತದೆ, ಕಲ್ಲು ಹಾರುವುದಿಲ್ಲ. ಅದು ನೇರ ಕೆಳಗೆ ಬೀಳುತ್ತದೆ, ಕೆಳಗೆ ಮಕ್ಕಳು ಮಲಗಿರುತ್ತಾರೆ. ಕಾಕಾನ ಹತ್ತು ವರ್ಷಕ್ಕೆ ನನ್ನ ಉತ್ತರ ಇಷ್ಟೇ.

ಕಲ್ಲಿನ ಬದಲು ಬೇಕಾದದ್ದು ಕೊಕ್ಕೆ ಬೋಲ್ಟು. ಶೀಟಿನ ಉಬ್ಬಿದ ಭಾಗದಲ್ಲಿ ತೂತು ಹಾಕಿ, ಕೆಳಗಿನ ಪೈಪು ಅಥವಾ ಆ್ಯಂಗಲ್‌ಗೆ ಕೊಕ್ಕೆ ಸಿಗಿಸಿ, ಮೇಲೆ ರಬ್ಬರ್ ವಾಷರ್ ಇಟ್ಟು ನಟ್ಟು ಬಿಗಿಯಬೇಕು. ಗಾಳಿ ಮೊದಲು ಎತ್ತುವುದು ಅಂಚನ್ನು, ಅದರಲ್ಲೂ ಮೂಲೆಯನ್ನು. ಆದ್ದರಿಂದ ಅಲ್ಲಿ ಬೋಲ್ಟು ಹತ್ತಿರ ಹತ್ತಿರ ಇರಬೇಕು. ಆ ಪೈಪು ಗೋಡೆಗೆ ಗಟ್ಟಿಯಾಗಿ ಕೂತಿದೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ತಗಡು ಪೈಪಿನ ಸಮೇತ ಹೋಗುತ್ತದೆ. ಒಂದು ಸಣ್ಣ ಮನೆಗೆ ಬೇಕಾಗುವ ಬೋಲ್ಟುಗಳ ಬೆಲೆ, ಹಾರಿಹೋದ ಒಂದು ಹೊಸ ಶೀಟಿನ ಬೆಲೆಗಿಂತ ಕಡಿಮೆ. ಆದರೂ ಯಾರೂ ಮಾಡಿಸುವುದಿಲ್ಲ. ಹಾರಿದ ಮೇಲೆ ಪರಿಹಾರದ ಅರ್ಜಿ ಹಿಡಿದು ಓಡಾಡುತ್ತೇವೆ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ಮಾನದಂಡದ ಪ್ರಕಾರ ಕನಿಷ್ಠ ಶೇ 15ರಷ್ಟು ಹಾನಿಯಾದ ಕಚ್ಚಾ ಮನೆಗೆ ಸಿಗುವುದು 4,000 ರೂಪಾಯಿ. ಅದಕ್ಕಾಗಿ ಫೋಟೊ, ಪಂಚನಾಮೆ, ಕೂಲಿ ಬಿಟ್ಟು ಎಷ್ಟೋ ಸಲ ತಿರುಗಾಟ.

ಮಣ್ಣಿನ ಮಾಳಿಗೆಯ ಮನೆಗಳದು ಬೇರೆ ಕಥೆ. ಅವು ಗಾಳಿಗೆ ಹೆದರುವುದಿಲ್ಲ, ಬಿಡದೆ ಸುರಿಯುವ ಮಳೆಗೆ ಹೆದರುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗೋಡೆ ಕುಸಿದು ಸತ್ತವರು ಅವರಲ್ಲಿ ಬಹಳ. ಸಮುದ್ರ ದೂರ ಎನ್ನುವವರು ಇದನ್ನು ನೆನಪಿಡಬೇಕು. ನನ್ನ ದಾದಿ ಆ ದಿನಗಳ ಬಗ್ಗೆ ಹೇಳುವಾಗ ನೀರಿನ ಮಾತಿಗಿಂತ ಸದ್ದಿನ ಮಾತು ಹೆಚ್ಚು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಓಣಿಯಲ್ಲಿ ಗೋಡೆಗಳು ಒಂದೊಂದಾಗಿ ಧಪ್ ಎಂದು ಕುಳಿತವಂತೆ. ನೆನೆದ ಗೋಡೆ ಒಣಗುವಾಗಲೂ ಬಿರಿದು ಬೀಳುತ್ತದೆ. ಆದ್ದರಿಂದ ಮಳೆ ನಿಂತಿತೆಂದು ಅದೇ ದಿನ ಒಳಗೆ ಹೋಗಿ ಮಲಗಬಾರದು.

ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಕರ್ಲು ಮಣ್ಣು ಹಾಕಿ ತುಳಿಯುವ ಪದ್ಧತಿ ನಮ್ಮ ಹಿರಿಯರದು. ನೀರು ಇಳಿಯದಂತೆ ತಡೆಯುವ ಮಣ್ಣು ಅದು. ಒಳ್ಳೆಯ ಪದ್ಧತಿಯೇ. ಆದರೆ ಹಳೆಯದನ್ನು ಕೆರೆದು ತೆಗೆಯದೆ ವರ್ಷ ವರ್ಷ ಮೇಲೆ ಮೇಲೆ ಸುರಿಯುವುದು ಅಪಾಯ. ಹತ್ತಡಿ–ಹನ್ನೆರಡಡಿ ಕೋಣೆಯ ಮೇಲೆ ಮೂರು ಇಂಚು ಮಣ್ಣು ಹಾಕಿದರೆ ಒಣಗಿದ್ದಾಗಲೇ ಒಂದು ಟನ್ನಿಗೂ ಮಿಕ್ಕಿ ಭಾರ. ನೆನೆದರೆ ಇನ್ನೂ ಹೆಚ್ಚು. ಕೆಳಗೆ ಗೆದ್ದಲು ಹಿಡಿದ ತೊಲೆ, ಜಂತಿ. ಹಳೆಯ ಪದರ ಕೆರೆದು, ಬೆಳೆದ ಹುಲ್ಲು ಕಿತ್ತು, ನೀರು ಹೊರಗೆ ಬೀಳುವ ಕೊಳವೆಯಲ್ಲಿನ ಕಸ ತೆಗೆದು, ಆಮೇಲೆ ಹೊಸ ಮಣ್ಣು ಹಾಕಬೇಕು. ಇಳಕಲ್ ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಕುಣಿಗೆ ನೀರು ಇಳಿದರೆ ಹಾಸಿನ ಜೊತೆ ತಿಂಗಳ ದುಡಿಮೆಯೂ ಹೋಗುತ್ತದೆ. ಅಂಥ ಮನೆಗಳು ಈ ಕೆಲಸವನ್ನು ಮೊದಲು ಮಾಡಬೇಕು.

ಮನೆಯಲ್ಲಿ ಎಲ್ಲಿ ಸೋರುತ್ತದೆ ಎಂಬುದು ಅಮ್ಮಂದಿರಿಗೆ ಗೊತ್ತು, ಏಕೆಂದರೆ ಅಲ್ಲಿ ಬೋಗುಣಿ ಇಡುವವರು ಅವರೇ. ಆದರೆ ಛಾವಣಿಗೆ ಹಣ ಯಾವಾಗ ಹಾಕಬೇಕು ಎಂದು ನಿರ್ಧರಿಸುವವರು ಗಂಡಸರು. ಈ ವರ್ಷ ಅಮ್ಮನ ಮಾತು ಕೇಳಿ ನೋಡಲಿ.

“ಎಲ್ಲ ಅಲ್ಲಾಹನ ಇಚ್ಛೆ” ಎಂದು ಕೆಲವರು ಇಲ್ಲಿಗೇ ಮಾತು ಮುಗಿಸುತ್ತಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ನಮ್ಮ ಪ್ರವಾದಿ (ಸ) ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದರೆಂಬುದು ತಿರ್ಮಿದಿ ಸಂಗ್ರಹದ ಹದೀಸ್. ದೀನಿಯಾತ್ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದವರ ಮನೆಯ ಮೇಲೂ ಕಲ್ಲುಗಳಿವೆ.

ನನ್ನ ಬೇಡಿಕೆ ಕಾಲೇಜಿನ ಮುಂದೆ. ಪರೀಕ್ಷೆ ಮುಗಿದ ಮೇಲೆ, ಅಶ್ವಿನಿ ಮಳೆ ಹುಟ್ಟುವ ಮೊದಲು, ನಮ್ಮ ಎನ್ನೆಸ್ಸೆಸ್ ಘಟಕ ಒಂದು ವಾರ ಇದಕ್ಕೆ ಕೊಡಲಿ. ದುಡಿಯುವವರು ಬೆಂಗಳೂರು, ಮಂಗಳೂರಿಗೆ ಗುಳೆ ಹೋಗಿ, ಮುದುಕರಷ್ಟೇ ಉಳಿದ ಮನೆಗಳಿಂದ ಶುರು ಮಾಡೋಣ. ಆ ಮನೆಗಳ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿ ಇಟ್ಟು ಬರೋಣ. ಕುರಿ ಕಾಯುವವರ ಫೋನಿನಲ್ಲಿ ಪುಣೆಯ ಸಂಸ್ಥೆ ಮಾಡಿದ ‘ದಾಮಿನಿ’ ಆ್ಯಪ್ ಹಾಕಿಕೊಡೋಣ. ಸುತ್ತ 20ರಿಂದ 40 ಕಿ.ಮೀ. ಒಳಗೆ ಸಿಡಿಲಿನ ಸೂಚನೆ ಇದ್ದರೆ ಅದು ತಿಳಿಸುತ್ತದೆ. ಆಗ ಬೇವು, ಹುಣಸೆ ಮರದ ಕೆಳಗೆ ನಿಲ್ಲಬಾರದು ಎಂಬುದನ್ನೂ ಹೇಳಬೇಕು. ಫೋನಿಲ್ಲದವರಿಗೆ ಮೈಕು ಇದೆ. ಮಸೀದಿಯ ಮೈಕಿನಲ್ಲಿ ಸಾವಿನ ಸುದ್ದಿ ಹೇಳುತ್ತೇವೆ, ಗುಡಿಯ ಮೈಕಿನಲ್ಲಿ ಜಾತ್ರೆಯ ಸುದ್ದಿ ಹೇಳುತ್ತಾರೆ. ಗಾಳಿ ಬರುವ ಸುದ್ದಿಗೆ ಎರಡೂ ಆಗುತ್ತವೆ.

ಬೋಲ್ಟಿನ ಹಣಕ್ಕೆ ನಾವು ಓಣಿಯಲ್ಲೇ ಚಂದಾ ಎತ್ತುತ್ತೇವೆ, ಅದರ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಪ್ರಾಚಾರ್ಯರಲ್ಲಿ ಕೇಳುವುದು ಒಂದೇ: ಸ್ಟೋರ್ ರೂಮಿನಲ್ಲಿ ಕಬ್ಬಿಣದ ಉದ್ದನೆಯ ಏಣಿ ಇದೆ, ಅದನ್ನು ಏಪ್ರಿಲ್ ಮೊದಲ ವಾರ ನಮಗೆ ಕೊಡಬೇಕು. ವಿದ್ಯುತ್ ತಂತಿ ಹತ್ತಿರ ಇರುವ ಮನೆಗಳಿಗೆ ಮಾತ್ರ ಬಿದಿರಿನ ಏಣಿ ಹೊಂದಿಸಿಕೊಳ್ಳುತ್ತೇವೆ.