ಮದುವೆಯಿಲ್ಲದ ದಿನಗಳ ಆಟ



ಪ್ರಕಾಶ ಪಡುಕೋಣೆಯವರ ಹೆಸರನ್ನು ನೀವೆಲ್ಲರೂ ಕೇಳಿರುವಿರಿ. ೧೯೮೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಹಿಂದಿನ ಎರಡು ವರ್ಷಗಳೂ ಗೆದ್ದು ಮೆರೆದಿದ್ದ ಇಂಡೊನೇಷ್ಯದ ಲಿಮ್ ಸ್ವೀ ಕಿಂಗ್ ಎಂಬ ವೀರನನ್ನು ೧೫-೩, ೧೫-೧೦ ಅಂಕಗಳಿಂದ ಸೋಲಿಸಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪದವಿಯನ್ನು ಪಡೆದ ಮೊದಲ ಭಾರತೀಯರು ಅವರು. ಆ ಗೆಲುವಿನ ಕಥೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅದಕ್ಕೂ ಹದಿನೆಂಟು ವರ್ಷ ಹಿಂದಿನ ಒಂದು ಸೋಲಿನ ವಿಚಾರ.

೧೯೫೫ನೆಯ ಜೂನ್ ೧೦ರಂದು ಬೆಂಗಳೂರಿನಲ್ಲಿ ಜನಿಸಿದ ಪ್ರಕಾಶರು ತಮ್ಮ ಮೊದಲ ಅಧಿಕೃತ ಪಂದ್ಯಾವಳಿಯನ್ನು ಆಡಿದುದು ೧೯೬೨ರಲ್ಲಿ. ಆಗ ಅವರಿಗೆ ಏಳು ವರ್ಷ. ರಾಜ್ಯದ ಕಿರಿಯರ ಆ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲಿಯೇ ಅವರು ಸೋತರು. ಎರಡು ವರ್ಷಗಳ ತರುವಾಯ ಅದೇ ಪದವಿ ಅವರದಾಯಿತು. ೧೯೭೧ರಲ್ಲಿ ತಮ್ಮ ಆಟದ ರೀತಿಯನ್ನೇ ಬದಲಿಸಿ, ಎದುರಾಳಿಯ ಮೇಲೆ ಮುನ್ನುಗ್ಗುವ ಆಟವನ್ನು ರೂಢಿಸಿಕೊಂಡರು. ೧೯೭೧-೭೨ರ ಋತುವಿನಲ್ಲಿ ರಾಷ್ಟ್ರದ ಕಿರಿಯರ ಪದವಿಯನ್ನೂ ಹಿರಿಯರ ಪದವಿಯನ್ನೂ ಒಟ್ಟಿಗೇ ಗೆದ್ದಾಗ ಅವರಿನ್ನೂ ಹದಿನಾರರ ಹುಡುಗ! ೧೯೭೨ರಲ್ಲಿ ಅರ್ಜುನ ಪ್ರಶಸ್ತಿಯೂ ಬಂದಿತು.

ಈ ಹತ್ತು ವರ್ಷಗಳ ಅಭ್ಯಾಸ ನಡೆದ ಸ್ಥಳವಾವುದು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಗೃಹ. ಅದು ಮದುವೆಗಳಿಗೆ ಕೊಡುತ್ತಿದ್ದ ಮಂಟಪ. ಹುಡುಗರು ಶಾಲೆಯಿಂದ ಬಂದು, ಇಂದು ಅಲ್ಲಿ ಮದುವೆಯೋ ಮುಂಜಿಯೋ ಇದೆಯೇ ಎಂದು ಮೊದಲು ವಿಚಾರಿಸುವರು. ಇಲ್ಲವೆಂದಾದರೆ ಓಡಿಹೋಗಿ ಆಡುವರು. ಇದೆಯೆಂದಾದರೆ ಆ ದಿನದ ಆಟ ಮುಗಿಯಿತು.

ಈ ಸಂಗತಿಯನ್ನು ಕೇಳಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: 'ನೋಡಿ, ಸೌಕರ್ಯವಿಲ್ಲದಿದ್ದರೂ ಸಾಧಿಸುವವನು ಸಾಧಿಸಿಯೇ ತೀರುವನು.' ಭಾಷಣಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ನನಗೆ ಈ ತೀರ್ಮಾನ ಒಪ್ಪಿಗೆಯಿಲ್ಲ. ಸೌಕರ್ಯವನ್ನು ಒದಗಿಸಬೇಕಾದ ಹಿರಿಯರಿಗೆ ಇದೊಂದು ಸುಲಭವಾದ ನೆಪವಾಗಿ ಪರಿಣಮಿಸಿದೆ. ಆ ಬಾಲಕನಿಗೆ ಇದ್ದುದೇನೆಂಬುದನ್ನು ಎಣಿಸಿ ನೋಡಿರಿ. ಮನೆಯ ಸಮೀಪದಲ್ಲಿ ಗಾಳಿಮಳೆಗಳ ತೊಂದರೆಯಿಲ್ಲದ ಒಂದು ಸೂರು ಇದ್ದಿತು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ದೀರ್ಘಕಾಲ ಕಾರ್ಯದರ್ಶಿಯಾಗಿ ದುಡಿದವರು; ಆಟದ ಒಳಹೊರಗುಗಳನ್ನು ಮನೆಯಲ್ಲಿಯೇ ತಿಳಿಸಬಲ್ಲವರು. ಎಲ್ಲಕ್ಕಿಂತ ಮಿಗಿಲಾಗಿ, ಸಮಾಜದ ಹಣದಿಂದ ನಡೆಯುವ ಸಭಾಗೃಹವನ್ನು ಬರಿದಾಗಿರುವ ದಿನ ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರಿದ್ದರು. ಏಳರ ಹುಡುಗನು ಸೋತ ಮೇಲೂ ಆ ಬಾಗಿಲು ಮುಚ್ಚಲಿಲ್ಲ. ಇದನ್ನು ಸೌಕರ್ಯವಿಲ್ಲದ ಕಥೆಯೆನ್ನುವುದು ಹೇಗೆ?

ಜಪಾನ್ ದೇಶದ ಒಂದು ನಿದರ್ಶನವನ್ನೂ ನೋಡಿರಿ. ಹಿಮದ ಅಂಗಳದ ಮೇಲೆ ಉಕ್ಕಿನ ಅಲಗು ಕಟ್ಟಿದ ಪಾದರಕ್ಷೆ ತೊಟ್ಟು, ಸಂಗೀತಕ್ಕೆ ತಕ್ಕಂತೆ ಜಾರುತ್ತ, ನೆಗೆಯುತ್ತ, ಗಾಳಿಯಲ್ಲಿ ಬುಗುರಿಯಂತೆ ತಿರುಗುವ ಫಿಗರ್ ಸ್ಕೇಟಿಂಗ್ ಎಂಬ ಸ್ಪರ್ಧೆಯುಂಟು. ಸೆಂಡಾಯಿ ನಗರದಲ್ಲಿ ೧೯೯೪ರಲ್ಲಿ ಹುಟ್ಟಿದ ಯುಝುರು ಹಾನ್ಯು ಎಂಬ ಬಾಲಕನು ನಾಲ್ಕರ ಪ್ರಾಯದಲ್ಲಿ ಅಕ್ಕನ ಹಿಂದೆ ಹೋಗಿ ಇದನ್ನು ಕಲಿಯತೊಡಗಿದನು. ೨೦೦೪ರಲ್ಲಿ ಹಣದ ಅಡಚಣೆಯಿಂದ ಅವನ ಊರಿನ ಅಂಗಳವೇ ಮುಚ್ಚಿಹೋಯಿತು. ಅಭ್ಯಾಸದ ಹೊತ್ತು ಕಡಿಮೆಯಾಯಿತು. ಅದೇ ಅಂಗಳದಲ್ಲಿ ಬೆಳೆದ ಶಿಝುಕಾ ಅರಾಕಾವಾ ಎಂಬಾಕೆ ೨೦೦೬ರ ಒಲಿಂಪಿಕ್ ಕೂಟದಲ್ಲಿ ಸುವರ್ಣಪದಕ ಗೆದ್ದಾಗ, ತನ್ನ ಗೆಲುವಿನ ಬಲದಿಂದ ಊರಿನ ಅಂಗಳಕ್ಕಾಗಿ ಕೇಳಿಕೊಂಡಳು. ೨೦೦೭ರಲ್ಲಿ ಅದು ಮತ್ತೆ ತೆರೆಯಿತು. ೨೦೧೦ರಲ್ಲಿ ಹಾನ್ಯು ಕಿರಿಯರ ಜಗಜ್ಜೇತನಾದನು. ಮರುವರ್ಷ ಮಾರ್ಚ್ ೧೧ರ ಭೂಕಂಪದ ದಿನ ಅಭ್ಯಾಸದಲ್ಲಿದ್ದವನು ಸ್ಕೇಟುಗಳನ್ನು ಕಳಚಲೂ ಆಗದೆ ಹೊರಗೋಡಿದನಂತೆ. ಅಂಗಳ ಮತ್ತೆ ಕೆಟ್ಟು ನಿಂತಿತು. ಊರೂರು ಅಲೆದು, ಪ್ರದರ್ಶನಗಳಲ್ಲಿ ಆಡುತ್ತಲೇ ಅಭ್ಯಾಸ ಮಾಡಿದನು. ೨೦೧೪ರಲ್ಲಿಯೂ ೨೦೧೮ರಲ್ಲಿಯೂ ಒಲಿಂಪಿಕ್ ಸುವರ್ಣ ಅವನದಾಯಿತು. ಈ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ೨೦೦೭ರಲ್ಲಿ ಬಾಗಿಲು ತೆರೆದ ಆ ಊರಿನ ಜನರ ಬಳಿ.

ಇನ್ನು ನಮ್ಮ ಊರಿನ ಮಾತು. ಬ್ಯಾಡ್ಮಿಂಟನ್ ಆಟಕ್ಕೂ ಪುಣೆಗೂ ಇರುವ ನಂಟು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ದಂಡಿನಲ್ಲಿದ್ದ ಆಂಗ್ಲ ಅಧಿಕಾರಿಗಳು ಇದನ್ನು ಆಡಿ, ತಾಯ್ನಾಡಿಗೆ ಕೊಂಡೊಯ್ದರು. ಮೊದಮೊದಲು ಇದಕ್ಕೆ 'ಪೂನಾ' ಎಂಬ ಹೆಸರೇ ಇದ್ದಿತು. ಆ ಮೇಲೆ ಬೋಫರ್ಟ್ ಡ್ಯೂಕನ ಬ್ಯಾಡ್ಮಿಂಟನ್ ಎಂಬ ಬಂಗಲೆಯಿಂದ ಈಗಿನ ಹೆಸರು ಬಂದಿತು. ಊರಿನ ಹೆಸರು ಹೊತ್ತ ಆಟವನ್ನು ಊರಿನ ಮಕ್ಕಳೇ ಆಡಲಾರರೆಂದರೆ ಅದು ವಿಚಿತ್ರವಲ್ಲವೆ?

ಖರಾಡಿ ಹಿಂದೆ ಹೊಲಗಳ ನಡುವಣ ಹಳ್ಳಿ. ಇಂದು ಗಾಜಿನ ಗೋಪುರಗಳ ನೆಲೆ. ಆ ಗೋಪುರಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಿಗೆ ಆಡಲು ಉಳಿದಿರುವುದು ರಸ್ತೆಯ ಅಂಚು ಮತ್ತು ನಾಳೆ ಕಟ್ಟಡವೇಳಲಿರುವ ಖಾಲಿ ನಿವೇಶನ. ಬಾಲೇವಾಡಿಯ ದೊಡ್ಡ ಕ್ರೀಡಾಂಗಣವು ನಗರದ ಮತ್ತೊಂದು ತುದಿಯಲ್ಲಿದೆ. ಕೂಲಿಯವನ ಮಗಳು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಕತ್ತಲಾದ ಮೇಲೆ ಮರಳುವುದನ್ನು ಯಾವ ತಾಯಿ ಒಪ್ಪಿಯಾಳು? ಹುಡುಗರಾದರೂ ರಸ್ತೆಯಲ್ಲಿ ಚೆಂಡು ಹೊಡೆದಾರು. ಹುಡುಗಿಯರಿಗೆ ಅದೂ ಇಲ್ಲ.

ಹೊಸ ಕ್ರೀಡಾಂಗಣ ಕಟ್ಟಿರೆಂದು ನಾನು ಕೇಳುತ್ತಿಲ್ಲ. ಈ ಆಟಕ್ಕೆ ಬೇಕಾದುದು ನಾಲ್ವತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ನೆಲ, ಎರಡು ಕಂಬ, ಒಂದು ಬಲೆ. ಐದು ಗ್ರಾಂ ತೂಕದ ಗರಿಚೆಂಡು ಬಯಲುಗಾಳಿಯನ್ನು ತಾಳಲಾರದು. ಅದಕ್ಕೆ ಸೂರು ಬೇಕು. (ಉಣ್ಣೆಯ ಹಳದಿ ಚೆಂಡಿನ ಬಾಲ್ ಬ್ಯಾಡ್ಮಿಂಟನ್ನನ್ನು ನಮ್ಮ ಕಡೆ ಬಯಲಿನಲ್ಲಿಯೇ ಆಡುವರು, ಅದರ ಮಾತು ಬೇರೆ.) ಅಷ್ಟಗಲದ ಸೂರು ಈ ಭಾಗದ ಎಷ್ಟೋ ಮಂಗಲ ಕಾರ್ಯಾಲಯಗಳಿಗೆ, ಸಂಘಗಳ ಸಭಾಗೃಹಗಳಿಗೆ ಇದೆ, ವರ್ಷದ ಬಹುದಿನ ಅವುಗಳಿಗೆ ಬೀಗವೂ ಇದೆ.

ನೆಲ ಹಾಳಾಗುವುದು, ಗಾಜು ಒಡೆಯುವುದು, ಬಾಡಿಗೆ ನಷ್ಟವಾಗುವುದು ಎಂಬ ಆಕ್ಷೇಪಗಳು ಬರುವುವು. ಐದು ಗ್ರಾಂ ಗರಿಯಿಂದ ಗಾಜು ಒಡೆಯದು. ಬರಿಗಾಲಿನ ಮಕ್ಕಳಿಂದ ನೆಲಕ್ಕಾಗುವ ಸವೆತ ಒಂದು ಮದುವೆಯ ಊಟದ ಪಂಕ್ತಿಯಿಂದ ಆಗುವುದಕ್ಕಿಂತ ಕಡಿಮೆ. ಬಾಡಿಗೆಯ ಮಾತಿಗೆ ಮಾತ್ರ ಉತ್ತರ ಬೇಕು, ಅದು ಪಂಚಾಂಗದಲ್ಲಿದೆ. ಆಷಾಢದಲ್ಲಿ ಮದುವೆಗಳು ನಡೆಯುವುದಿಲ್ಲ. ಪುಣೆಯಲ್ಲಿ ಮಳೆ ಹಿಡಿದು, ಮಕ್ಕಳಿಗೆ ಹೊರಗೆ ಆಡಲು ಎಡೆಯೇ ಇಲ್ಲದ ತಿಂಗಳೂ ಅದೇ.

ಬರುವ ಜ್ಯೇಷ್ಠ ಮಾಸದಲ್ಲಿ ಇಂಥ ಸಭಾಗೃಹಗಳ ಹಿರಿಯರನ್ನು ಕಂಡು, ಶಾಲೆ ಬಿಟ್ಟ ಮೇಲೆ ದಿನಕ್ಕೆರಡು ತಾಸು ಬಾಗಿಲು ತೆರೆಯಿರೆಂದು ಕೇಳುವುದೆಂದು ನಿಶ್ಚಯಿಸಿದ್ದೇನೆ. ನಿಮ್ಮ ತಾಯಿತಂದೆಗಳಲ್ಲಿ ಯಾರಾದರೂ ಜೊತೆಗೆ ಬಂದರೆ ಮಾತಿಗೆ ಬಲ ಬರುವುದು. ಕಂಬಗಳನ್ನು ನಮ್ಮ ಪಾಲಕರಲ್ಲಿಯೇ ಬೆಸುಗೆಯ ಕೆಲಸ ಬಲ್ಲವರು ಮಾಡಿಕೊಡಲು ಒಪ್ಪಿದ್ದಾರೆ. ಬಲೆಗೆ ಹಣ ಕೂಡಿಸಬೇಕಾಗಿದೆ.